ಕತೆಗೆ ಸಿನಿಮಾ ಹಕ್ಕು ಕೊಡುವುದು ಹೇಗೆ? ಸಹಿಗೆ ಮುಂಚೆ ಆ ಒಂದು ಸಾಲು ಓದಿ

ನನ್ನದೊಂದು ಕತೆ ಹದಿನಾಲ್ಕು ವರ್ಷಗಳಿಂದ ಯಾರದೋ ಮೇಜಿನ ಖಾನೆಯಲ್ಲಿ ಬಿದ್ದಿದೆ. ಕೊಟ್ಟವನು ನಾನೇ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಲೆಟರ್‌ಹೆಡ್ ಮೇಲೆ ಟೈಪಾಗಿ ಬಂದಿದ್ದ ಆರು ಸಾಲಿನ ಪತ್ರಕ್ಕೆ ಸಹಿ ಹಾಕಿ, ಹತ್ತು ಸಾವಿರ ರೂಪಾಯಿಯ ಚೆಕ್ ಜೇಬಿಗಿಳಿಸಿ ಮನೆಗೆ ಬಂದೆ. ಸಿನಿಮಾ ಆಗಲಿಲ್ಲ. ಕತೆಯೂ ಹಿಂದಿರುಗಲಿಲ್ಲ. ಅಂದಿನಿಂದ ಗೆಳೆಯರು ಸಿನಿಮಾದವರ ಕಾಗದ ಬಂದಾಗಲೆಲ್ಲ ನನಗೆ ಫೋಟೊ ತೆಗೆದು ಕಳಿಸುತ್ತಾರೆ. ಹೆಚ್ಚಿನವರು ಕಳಿಸುವುದು ಸಹಿ ಹಾಕಿದ ಮೇಲೆ. ಹಾಗಾಗಿ ಈ ಬರಹ.

ಹಕ್ಕು ನಿಮ್ಮ ಬಳಿಯೇ ಇದೆಯೇ?

ಪತ್ರಿಕೆಗೆ ಹವ್ಯಾಸಿಯಾಗಿ ಬರೆದ ಕತೆಯ ಹಕ್ಕು, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಬರೆದವರದೇ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದಿದ್ದರೂ, ಒಪ್ಪಂದ ಬೇರೆ ಹೇಳದಿದ್ದರೆ, ಮಾಲೀಕರಿಗೆ ಸಿಗುವುದು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕಷ್ಟೇ. ಎಡವುವುದು ಬೇರೆ ಕಡೆ: ಕಥಾಸ್ಪರ್ಧೆಯ ನಿಯಮಾವಳಿಯ ಕೊನೆಯ ಸಾಲು, ಪ್ರಕಾಶಕರು ಕೊಟ್ಟ ಅಚ್ಚಾದ ಕರಾರು, ಕತೆ ಓದಿಸುವ ಆ್ಯಪ್‌ನಲ್ಲಿ ಓದದೆ ಒತ್ತಿದ ‘ಒಪ್ಪಿದ್ದೇನೆ’ ಗುಂಡಿ. ಮೂರನ್ನೂ ಹುಡುಕಿ ತೆಗೆದು ಓದಿ.

ಅಜ್ಜನದೋ ಅತ್ತೆಯದೋ ಕಾದಂಬರಿಯಾದರೆ ವಾರಸುದಾರರೆಲ್ಲರ ಸಹಿ ಬೇಕು. ಬೆಂಗಳೂರಿನಲ್ಲಿರುವ ಒಬ್ಬ ಮಗನದು ಸಾಲದು. ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಮಾಸ್ತಿಯವರು 1986ರಲ್ಲಿ ತೀರಿಕೊಂಡರು, ಅವರ ಕತೆಗಳಿಗೆ 2046 ಮುಗಿಯುವವರೆಗೆ ಅನುಮತಿ ಬೇಕು. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಕೃತಿಸ್ವಾಮ್ಯ 2023ರ ಡಿಸೆಂಬರ್ 31ಕ್ಕೆ ಮುಗಿಯಿತು.

ಹೇಳಬೇಡಿ, ಕಳಿಸಿ

ನಿರ್ಮಾಪಕರ ಕಚೇರಿಯಲ್ಲಿ ಕುಳಿತು ಬಾಯಲ್ಲಿ ಕತೆ ಹೇಳಿ ಬರುವುದು ನಮ್ಮವರ ಹಳೆಯ ಚಟ. ಬರಿಯ ಎಳೆಗೆ ಕೃತಿಸ್ವಾಮ್ಯವಿಲ್ಲ. ಅದನ್ನು ನೀವು ಬರೆದ ರೀತಿಗೆ ಮಾತ್ರ ಇದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿ ನಾಟಕಕಾರರು ತಮ್ಮ ನಾಟಕವನ್ನು ಸಿನಿಮಾದವರಿಗೆ ಓದಿ ಹೇಳಿದ್ದರು. ಆಮೇಲೆ ಬಂದ ಸಿನಿಮಾದ ವಸ್ತು ಒಂದೇ ಆದರೂ ನಿರೂಪಣೆ ಬೇರೆ ಎಂದು ಅವರು ಸೋತರು. ಆದ್ದರಿಂದ ಕತೆಯನ್ನು ಪೂರ್ತಿ ಬರೆದು ಇಮೇಲ್‌ನಲ್ಲಿ ಕಳಿಸಿ, ಭೇಟಿ ಆಮೇಲೆ.

ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಮಾಡಿಸಿದರೆ ಒಳ್ಳೆಯದು. ಕತೆಯನ್ನು ಲಕೋಟೆಗೆ ಹಾಕಿ ನಿಮ್ಮದೇ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿಕೊಂಡು ಒಡೆಯದೆ ಇಡುವ ಉಪಾಯವನ್ನು ಇನ್ನೂ ಕೆಲವರು ಬೋಧಿಸುತ್ತಾರೆ. ಲಕೋಟೆಯನ್ನು ಅಂಟಿಸದೆಯೂ ಪೋಸ್ಟ್ ಮಾಡಬಹುದು ಎಂಬುದು ಎದುರು ವಕೀಲರಿಗೆ ಗೊತ್ತಿಲ್ಲವೇ? ಇನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸಿದರೆ ಉದ್ಯಮದೊಳಗೆ ಆ ಹೆಸರು ಉಳಿದೀತು, ಕತೆಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಮೊದಲು ಆಪ್ಷನ್

ಮೊದಲ ದಿನವೇ ಹಕ್ಕು ಬರೆದುಕೊಡಬೇಡಿ. ಇಷ್ಟು ತಿಂಗಳು ಬೇರೆ ಯಾರಿಗೂ ಕೊಡುವುದಿಲ್ಲ, ಅಷ್ಟರಲ್ಲಿ ನೀವು ಹಣ ಹೊಂದಿಸಿಕೊಂಡು ಪೂರ್ತಿ ಮೊತ್ತ ಕೊಟ್ಟರೆ ಹಕ್ಕು ನಿಮಗೆ ಎನ್ನುವ ಕರಾರಿಗೆ ಆಪ್ಷನ್ ಎನ್ನುತ್ತಾರೆ. ಹನ್ನೆರಡು ತಿಂಗಳು ಸಾಕು. ಇನ್ನೊಂದು ವರ್ಷ ಬೇಕೆಂದರೆ ಇನ್ನೊಮ್ಮೆ ಹಣ. ‘ನಮ್ಮಲ್ಲಿ ಇದೆಲ್ಲ ಇಲ್ಲ ಸಾರ್, ನಂಬಿಕೆ ಮೇಲೆ ನಡೆಯುತ್ತದೆ’ ಎನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ಆ ಒಂದು ಸಾಲು

ಎಲ್ಲರೂ ಬೀಳುವ ಹಳ್ಳ ಇದು. ನನ್ನ ಪತ್ರದಲ್ಲಿ ಹೀಗಿತ್ತು: ‘ಸದರಿ ಕಥೆಯ ಸಕಲ ಹಕ್ಕುಗಳನ್ನೂ, ಎಲ್ಲ ಭಾಷೆಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ, ಪ್ರಪಂಚದಾದ್ಯಂತ, ಶಾಶ್ವತವಾಗಿ ವಹಿಸಿಕೊಟ್ಟಿರುತ್ತೇನೆ, ಕಲಂ 19(4) ಅನ್ವಯಿಸತಕ್ಕದ್ದಲ್ಲ.’

ಒಂದೊಂದಾಗಿ ಬಿಡಿಸಿ ನೋಡೋಣ. ‘ಸಕಲ ಹಕ್ಕು’ ಎಂದರೆ ಪುಸ್ತಕ, ಅನುವಾದ, ನಾಟಕ, ಧ್ವನಿಪುಸ್ತಕ ಎಲ್ಲವೂ ಹೋದವು. ನಾನು ಅದೇ ಕತೆಯನ್ನು ನನ್ನ ಸಂಕಲನಕ್ಕೆ ಸೇರಿಸಲು ಅವರನ್ನು ಕೇಳಬೇಕಾಯಿತು! ಆ ಜಾಗದಲ್ಲಿ ‘ಒಂದು ಕನ್ನಡ ಚಲನಚಿತ್ರ ತಯಾರಿಸುವ ಹಕ್ಕು’ ಎಂದು ಬರೆಸಿ. ‘ಒಂದು’ ಎಂಬ ಪದ ಬಿಡಬೇಡಿ. ಎರಡನೇ ಭಾಗ, ಪಾತ್ರವನ್ನಿಟ್ಟುಕೊಂಡು ಹೊಸ ಕತೆ, ವೆಬ್ ಸರಣಿ ಇವೆಲ್ಲ ಅದರಾಚೆ ನಿಲ್ಲುತ್ತವೆ. ‘ಉಳಿದೆಲ್ಲ ಹಕ್ಕುಗಳೂ ಲೇಖಕರಲ್ಲೇ ಇರತಕ್ಕದ್ದು’ ಎಂಬ ವಾಕ್ಯ ಬೇರೆಯಾಗಿಯೇ ಇರಲಿ.

‘ಎಲ್ಲ ಭಾಷೆಗಳಲ್ಲಿ’ ಎಂಬುದರಲ್ಲಿ ಎರಡು ಸಂಗತಿಗಳು ಅಡಗಿವೆ. ಡಬ್ಬಿಂಗ್ ಎಂದರೆ ಅದೇ ಚಿತ್ರಕ್ಕೆ ಬೇರೆ ದನಿ. ಅದನ್ನು ಕೊಡಿ, ಜಗ್ಗಾಡಬೇಡಿ. ರೀಮೇಕ್ ಎಂದರೆ ಹೊಸ ಚಿತ್ರ. ಅದನ್ನು ಇಟ್ಟುಕೊಳ್ಳಿ, ಇಲ್ಲವೇ ರೀಮೇಕ್ ಮಾರಿದ ಹಣದಲ್ಲಿ ಇಂತಿಷ್ಟು ಪಾಲೆಂದು ಅಂಕಿಯಲ್ಲಿ ಬರೆಸಿ. ಕನ್ನಡದ ನಿರ್ಮಾಪಕ ನಿಮಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣವನ್ನು ತಮಿಳಿನವರಿಂದ ಪಡೆಯುವುದು ಹೊಸದೇನಲ್ಲ.

‘ಎಲ್ಲ ಮಾಧ್ಯಮ’ ಎಂಬಲ್ಲಿ ಕಾನೂನು ನಿಮ್ಮ ಪರವಾಗಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕರಾರಾದ ದಿನ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸದ ಹೊರತು, ಹಕ್ಕು ಹೋಗುವುದಿಲ್ಲ. ಅದೇ ತಿದ್ದುಪಡಿಯಲ್ಲಿ ಇನ್ನೊಂದಿದೆ: ಚಿತ್ರಮಂದಿರದಾಚೆಗಿನ ಬಳಕೆಗೆ ಬರುವ ರಾಯಧನದಲ್ಲಿ ಲೇಖಕರದು ಸಮಪಾಲು. ಆ ಪಾಲನ್ನು ವಾರಸುದಾರರಿಗೆ ಅಥವಾ ಲೇಖಕರ ಪರವಾಗಿ ರಾಯಧನ ವಸೂಲಿ ಮಾಡುವ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡಲಾಗದು. ‘ರಾಯಧನ ಬೇಡವೆಂದು ಒಪ್ಪಿದ್ದೇನೆ’ ಎಂಬ ಸಾಲನ್ನು ನಿರ್ಮಾಪಕರ ಕರಡಿನಲ್ಲಿ ನಾನು ಈಗಲೂ ನೋಡುತ್ತೇನೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ.

ಇನ್ನು 19(4). 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಬರೆಯುವವರಿಗೆ ಒಳ್ಳೆಯ ನೆಂಟ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂದು ಅದರಲ್ಲಿರಬೇಕು ಎನ್ನುತ್ತದೆ. ಕಾಲ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅದರ ನಾಲ್ಕನೇ ಉಪಕಲಂ ಹೇಳುವುದು: ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ. ಈ ಕೊನೆಯ ಮಾತನ್ನು ಹಿಡಿದುಕೊಂಡೇ ಅವರ ವಕೀಲರು ‘19(4) ಅನ್ವಯಿಸತಕ್ಕದ್ದಲ್ಲ’ ಎಂದು ಸೇರಿಸುವುದು. ನನ್ನ ಕತೆ ಹದಿನಾಲ್ಕು ವರ್ಷದಿಂದ ಖಾನೆಯಲ್ಲಿರುವುದಕ್ಕೆ ಆ ಎರಡು ಪದಗಳೇ ಕಾರಣ.

ನಿರ್ಮಾಪಕರ ಕಷ್ಟವೂ ನಿಜ. ಒಂದು ವರ್ಷದಲ್ಲಿ ಸಿನಿಮಾ ಮುಗಿಯುವುದಿಲ್ಲ, ಐದು ವರ್ಷಕ್ಕೆ ಚಿತ್ರವನ್ನು ಡಬ್ಬಿಗೆ ಹಾಕಲೂ ಆಗದು. ಹೀಗೆ ಬರೆದರೆ ಇಬ್ಬರಿಗೂ ಸರಿ: ಎರಡು ವರ್ಷದೊಳಗೆ ಮುಖ್ಯ ಚಿತ್ರೀಕರಣ ಆರಂಭವಾಗದಿದ್ದರೆ ಹಕ್ಕು ನೋಟಿಸಿಲ್ಲದೆ ಲೇಖಕರಿಗೆ ಮರಳುತ್ತದೆ, ಪಡೆದ ಹಣ ಹಿಂದಿರುಗಿಸಬೇಕಿಲ್ಲ. ಚಿತ್ರ ತಯಾರಾದರೆ ಅದನ್ನು ಎಷ್ಟು ಕಾಲವಾದರೂ ಪ್ರದರ್ಶಿಸಬಹುದು. ‘ಮುಖ್ಯ ಚಿತ್ರೀಕರಣ’ ಎಂದೇ ಇರಲಿ. ‘ಚಿತ್ರದ ಕೆಲಸ’ ಎಂದರೆ ಮುಹೂರ್ತದ ತೆಂಗಿನಕಾಯಿ ಒಡೆದದ್ದೂ ಕೆಲಸವೇ.

ಹಣ

ಅರ್ಧ ಸಹಿಯ ದಿನ, ಉಳಿದದ್ದು ಚಿತ್ರೀಕರಣದ ಮೊದಲ ದಿನ. ‘ಬಿಡುಗಡೆಯಾದ ಮೇಲೆ’ ಬೇಡ. ‘ನಿವ್ವಳ ಲಾಭದಲ್ಲಿ ಪಾಲು’ ಎಂಬುದು ಬೇಡವೇ ಬೇಡ. ನಿವ್ವಳ ಲಾಭ ಕಂಡವರನ್ನು ನಾನು ಕಂಡಿಲ್ಲ.

ಹೆಸರು ಮತ್ತು ಕತೆಯ ಮಾನ

‘ಸೂಕ್ತ ಮನ್ನಣೆ ನೀಡಲಾಗುವುದು’ ಎಂದಿದ್ದರೆ ನಿಮ್ಮ ಹೆಸರು ಕೊನೆಯಲ್ಲಿ, ಕ್ಯಾಟರಿಂಗಿನವರ ಪಕ್ಕದಲ್ಲಿ ಓಡುತ್ತದೆ. ಆರಂಭದ ಶೀರ್ಷಿಕೆಗಳಲ್ಲಿ, ಪ್ರತ್ಯೇಕ ಕಾರ್ಡಿನಲ್ಲಿ, ಪೋಸ್ಟರಿನಲ್ಲೂ ಎಂದು ಬರೆಸಿ. ಕನ್ನಡದಲ್ಲಿ ಹೆಸರಿನ ಕಾಗುಣಿತವನ್ನೂ ಕರಾರಿನಲ್ಲೇ ಕೊಡಿ.

ಸಿನಿಮಾಕ್ಕಾಗಿ ಕತೆ ಬದಲಾಗುತ್ತದೆ, ಅದಕ್ಕೆ ಮುನಿಸಿಕೊಳ್ಳಬೇಡಿ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತರಾಸು ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತದೆ; ಜನ ಆ ಚಿತ್ರವನ್ನು ಇಂದಿಗೂ ನೋಡುತ್ತಾರೆ. ಆದರೆ ನಿಮ್ಮ ಗೌರವಕ್ಕೆ ಕುಂದು ತರುವಂತೆ ವಿರೂಪಗೊಳಿಸಿದರೆ ಹಕ್ಕು ಮಾರಿದ ಮೇಲೂ ಅದೇ ಕಾಯ್ದೆಯ 57ನೇ ಕಲಂ ನಿಮ್ಮೊಂದಿಗಿದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿ ಆಧರಿಸಿದ ಚಿತ್ರದ ವಿರುದ್ಧ ಹೋದಾಗ, 1986ರಲ್ಲಿ ದೆಹಲಿ ಹೈಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು.

ಸಹಿ

ಇ-ಸ್ಟ್ಯಾಂಪ್ ಕಾಗದದಲ್ಲಿ, ಪುಟಪುಟಕ್ಕೂ ಇಬ್ಬರ ಸಹಿ, ಮೂಲ ಪ್ರತಿ ಎರಡು. ‘ಯಾವುದೇ ದಾವೆ ಬಂದರೆ ಲೇಖಕರೇ ಹೊಣೆ’ ಎಂದಿದ್ದರೆ ‘ಪಡೆದ ಮೊತ್ತದ ಮಿತಿಯೊಳಗೆ’ ಎಂದು ಸೇರಿಸಿ. ವಕೀಲರಿಗೆ ಒಮ್ಮೆ ತೋರಿಸಿ. ನೆಂಟರಲ್ಲಿರುವ ಭೂವ್ಯಾಜ್ಯದ ವಕೀಲರಿಗಲ್ಲ, ಇಂಥ ಕರಾರು ನೋಡಿದವರಿಗೆ.

ಕೊನೆಗೆ, ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಮರುದಿನ ಎರಡು ಸಾಲಿನ ಪತ್ರ ಕಳಿಸಿ: ‘ಇಂಥ ದಿನಾಂಕದ ಕರಾರಿನ ಅವಧಿ ನಿನ್ನೆಗೆ ಮುಗಿದಿದೆ. ಕತೆಯ ಹಕ್ಕು ನನಗೆ ಮರಳಿದೆ.’ ಗೆಳತಿಯೊಬ್ಬಳಿಗೆ ಕಳೆದ ವರ್ಷ ನಾನೇ ಇದನ್ನು ಬರೆದುಕೊಟ್ಟೆ. ಎರಡು ವರ್ಷ ಅವಳ ಫೋನ್ ಎತ್ತದಿದ್ದ ನಿರ್ಮಾಪಕರು ಅಂದು ಸಂಜೆ ಏಳು ಗಂಟೆಯೊಳಗೆ ಮೂರು ಸಲ ಕರೆ ಮಾಡಿದ್ದರು.