ರೀಫ್ಲ್ಯಾಶ್ ಮಾಡುವಾಗ ಪೆಟ್ಟಿಗೆ ಯುಎಸ್‌ಬಿಯಲ್ಲಿ ಕಾಣಿಸದಿದ್ದರೆ: ನನ್ನ ಅನುಭವ

ನಾನು ಪೆಟ್ಟಿಗೆ ಅನ್ನುವುದು ಕಂಟ್ರೋಲ್ ಪ್ಯಾನೆಲ್ ಒಳಗೆ ಡಿನ್ ರೈಲಿಗೆ (ಉಪಕರಣ ಕೂರಿಸುವ ಲೋಹದ ಪಟ್ಟಿ) ಸಿಕ್ಕಿಸುವ ಪುಟ್ಟ ಕಂಪ್ಯೂಟರಿಗೆ. ಅದರ ಆಪರೇಟಿಂಗ್ ಸಿಸ್ಟಮ್ ಮೇಲೆ ಹೊಸದನ್ನು ಬರೆಯುವುದೇ ರೀಫ್ಲ್ಯಾಶ್. ಓಡುವುದು 24 ವೋಲ್ಟ್ ಡಿಸಿಯಲ್ಲಿ. ಒಳಗಿರುವುದು ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 3. ಎಸ್‌ಡಿ ಕಾರ್ಡ್ ಇಲ್ಲ, ಆಪರೇಟಿಂಗ್ ಸಿಸ್ಟಮ್ ಇರುವುದು ಬೆಸುಗೆ ಹಾಕಿದ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್‌ನಲ್ಲಿ. ಹಾಗಾಗಿ ಹೊಸ ಇಮೇಜ್ (ಇಡೀ ಸಿಸ್ಟಮ್ ಇರುವ ಒಂದೇ ಫೈಲ್) ಹಾಕಬೇಕೆಂದರೆ ಮುಂಭಾಗದ ಮೈಕ್ರೋ ಯುಎಸ್‌ಬಿಯೇ ದಾರಿ. ಲ್ಯಾಪ್‌ಟಾಪ್‌ನಲ್ಲಿ ಆರ್‌ಪಿಐಬೂಟ್ (rpiboot) ಎಂಬ ಪ್ರೋಗ್ರಾಂ ಓಡಿಸಿದರೆ ಇಎಂಎಂಸಿ ಪೆನ್‌ಡ್ರೈವ್ ಥರ ಕಾಣಿಸಬೇಕು. ಎಷ್ಟೋ ಸಲ ಕಾಣಿಸುವುದಿಲ್ಲ. ಆಗ ನಾನು ಏನೇನು ನೋಡುತ್ತೇನೆ ಅಂತ ಇಲ್ಲಿ ಬರೆಯುತ್ತೇನೆ.

ಈ ಕನೆಕ್ಷನ್ ಒಂದೇ ಏಟಿಗೆ ಆಗುವುದಲ್ಲ. ಪವರ್ ಬಂದ ಕೂಡಲೇ ಪ್ರಾಸೆಸರ್ ಒಳಗಿನ ಬೂಟ್ ರಾಮ್ (ROM, ಎಲ್ಲಕ್ಕಿಂತ ಮೊದಲು ಓಡುವ ಕಾಯಂ ಕೋಡ್) ಇಎಂಎಂಸಿಯನ್ನು ಹುಡುಕುತ್ತದೆ. ಅದು ಸಿಗದಿದ್ದರೆ ಯುಎಸ್‌ಬಿ ಕಡೆ ತಿರುಗುತ್ತದೆ. ಆಗ ಲ್ಯಾಪ್‌ಟಾಪ್ ಬೂಟ್‌ಕೋಡ್ ಎಂಬ ಸಣ್ಣ ಫೈಲ್ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಓಡಿಸಿ, ಯುಎಸ್‌ಬಿಯಿಂದ ಕಳಚಿಕೊಂಡು, ಮತ್ತೆ ಬಂದು ಉಳಿದ ಫೈಲುಗಳನ್ನು ಕೇಳುತ್ತದೆ. ಅವು ಸಿಕ್ಕ ಮೇಲೆ ಇನ್ನೊಮ್ಮೆ ಕಳಚಿಕೊಂಡು ಡಿಸ್ಕ್ ಆಗಿ ಬರುತ್ತದೆ. ಇದರಲ್ಲಿ ಎಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ನೋಡದೆ ಸುಮ್ನೆ ಕೇಬಲ್ ಕಿತ್ತು ಹಾಕಿ, ಕಿತ್ತು ಹಾಕಿ ಮಾಡುವುದು ಬರೀ ಟೈಮ್ ವೇಸ್ಟ್.

ಆರ್‌ಪಿಐಬೂಟ್ 'ವೇಟಿಂಗ್' ಎಂಬ ಸಾಲಿನಲ್ಲೇ ಕೂತಿದೆ ಅಂದುಕೊಳ್ಳಿ. ಲಿನಕ್ಸ್‌ನಲ್ಲಿ ಇನ್ನೊಂದು ಟರ್ಮಿನಲ್ ತೆಗೆದು ಯುಎಸ್‌ಬಿಯಲ್ಲಿ ಏನೇನಿದೆ ಅಂತ ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಡುತ್ತೇನೆ. ಪ್ರಾಸೆಸರ್ ಮಾಡುವ ಬ್ರಾಡ್‌ಕಾಮ್ ಹೆಸರಿನಲ್ಲಿ 0ಎ5ಸಿ:2764 ಎಂಬ ಸಾಲು ಕಂಡರೆ ಪೆಟ್ಟಿಗೆ ಬಂದು ಬಾಗಿಲಲ್ಲೇ ನಿಂತಿದೆ ಅಂತ ಅರ್ಥ. ಹೆಚ್ಚಾಗಿ ಅದು ಪರ್ಮಿಷನ್ ತೊಂದರೆ, ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಓಡಿಸಿದರೆ ಮುಗಿಯಿತು. ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್ ತೆಗೆದು ಹಳದಿ ಗುರುತು ಇದೆಯಾ ನೋಡುತ್ತೇನೆ. ಇದ್ದರೆ ಡ್ರೈವರ್ ಸರಿಯಾಗಿ ಕೂತಿಲ್ಲ. ಪೆಟ್ಟಿಗೆಯ ಯುಎಸ್‌ಬಿ ಕಿತ್ತಿಟ್ಟು, ಆರ್‌ಪಿಐಬೂಟ್ ಇನ್‌ಸ್ಟಾಲರ್ ಇನ್ನೊಮ್ಮೆ ಓಡಿಸಿ, ಆಮೇಲೆ ಚುಚ್ಚುತ್ತೇನೆ.

ಎಲ್‌ಎಸ್‌ಯುಎಸ್‌ಬಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಮೊದಲ ಅನುಮಾನ ಪವರ್ ಕೊಟ್ಟ ಕ್ರಮದ ಮೇಲೆ. ನನ್ನ ಪೆಟ್ಟಿಗೆಯಲ್ಲಿ ಮೈಕ್ರೋ ಯುಎಸ್‌ಬಿಗೆ 5 ವೋಲ್ಟ್ ಬಂದಿದೆಯಾ ಅನ್ನುವುದರ ಮೇಲೇ ಇಎಂಎಂಸಿಯನ್ನು ಮರೆ ಮಾಡುವುದು ನಿರ್ಧಾರವಾಗುತ್ತದೆ. ಬೂಟ್ ರಾಮ್ ಇಎಂಎಂಸಿ ಇದೆಯಾ ಅಂತ ನೋಡುವುದು ಪವರ್ ಬಂದ ಗಳಿಗೆಯಲ್ಲಿ ಮಾತ್ರ. 24 ವೋಲ್ಟ್ ಮೊದಲು ಕೊಟ್ಟು ಆಮೇಲೆ ಯುಎಸ್‌ಬಿ ಚುಚ್ಚಿದರೆ ಅದು ಆಗಲೇ ಹಳೇ ಸಿಸ್ಟಮ್ ಬೂಟ್ ಮಾಡಿಕೊಂಡು ಹೊರಟಿರುತ್ತದೆ. ಆದ್ದರಿಂದ ಮೊದಲು 24 ವೋಲ್ಟ್ ತೆಗೆದು, ಎಲ್‌ಇಡಿಗಳು ಪೂರ್ತಿ ಆರುವ ತನಕ ಕಾಯುತ್ತೇನೆ. ಆಮೇಲೆ ಯುಎಸ್‌ಬಿ, ಕೊನೆಗೆ 24 ವೋಲ್ಟ್. ಇದಕ್ಕೆ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಕ್ಯಾಪ್) ಇರುವ ಬೋರ್ಡ್‌ಗಳಲ್ಲಿ ಪವರ್ ಕೊಡುವ ಮುಂಚೆ ಜಂಪರ್ ಹಾಕಿರಬೇಕು, ಅಷ್ಟೇ ವ್ಯತ್ಯಾಸ.

ಕ್ರಮ ಸರಿ ಇದ್ದೂ ಬರದಿದ್ದರೆ ಕೇಬಲ್. ಮೈಕ್ರೋ ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ಚಾರ್ಜಿಂಗ್‌ಗೆ ಅಂತ ಮಾಡಿದವು ಇರುತ್ತವಲ್ಲ, ಅವುಗಳಲ್ಲಿ ಡೇಟಾದ ಬಿಳಿ ಮತ್ತು ಹಸಿರು ತಂತಿಗಳೇ ಇರುವುದಿಲ್ಲ. ಕೆಂಪು, ಕಪ್ಪು ಎರಡೇ. ಇಲ್ಲೊಂದು ಮೋಸ ಇದೆ: 5 ವೋಲ್ಟ್ ಹೋಗುವುದರಿಂದ ಪೆಟ್ಟಿಗೆ ಯುಎಸ್‌ಬಿ ಮೋಡ್‌ಗೇನೋ ಹೋಗುತ್ತದೆ, ಹಳೇ ಸಿಸ್ಟಮ್ ಬೂಟ್ ಆಗುವುದಿಲ್ಲ. ನೋಡಿದವರಿಗೆ ಬೋರ್ಡೇ ಸತ್ತಿದೆ ಅನಿಸುತ್ತದೆ. ಕೇಬಲ್ ನಂಬಬಹುದಾ ಅಂತ ತಿಳಿಯಲು ನಾನು ಅದೇ ಕೇಬಲ್‌ನಲ್ಲಿ ಒಂದು ಫೋನ್‌ನಿಂದ ಫೈಲ್ ಕಾಪಿ ಮಾಡಿ ನೋಡುತ್ತೇನೆ.

ಲಿನಕ್ಸ್‌ನ ಡಿಮೆಸೇಜ್ (dmesg) ಎಂಬ ಸಿಸ್ಟಮ್ ಲಾಗ್ ಕೂಡ ಒಳ್ಳೆಯ ಸಾಕ್ಷಿ. ಚುಚ್ಚಿದಾಗ ಒಂದು ಸಾಲೂ ಬರದಿದ್ದರೆ ಡೇಟಾ ತಂತಿ ಇಲ್ಲ, ಇಲ್ಲವೇ ಪೆಟ್ಟಿಗೆ ಯುಎಸ್‌ಬಿ ಮೋಡ್‌ಗೇ ಬಂದಿಲ್ಲ. 'ಡಿಸ್ಕ್ರಿಪ್ಟರ್ ರೀಡ್, ಎರರ್ -71' ಅಂತ ಬಂದರೆ ಮಾತುಕತೆ ಶುರುವಾಗಿದೆ, ಆದರೆ ಕೆಟ್ಟು ತಲುಪುತ್ತಿದೆ. -110 ಅಂದರೆ ಉತ್ತರವೇ ಬರಲಿಲ್ಲ, ಟೈಮ್‌ಔಟ್. ಇವೆರಡಕ್ಕೂ ನನ್ನ ಮೊದಲ ಮದ್ದು ಚಿಕ್ಕ ಕೇಬಲ್. ಆಮೇಲೆ ಲ್ಯಾಪ್‌ಟಾಪ್‌ನ ನೀಲಿ ಯುಎಸ್‌ಬಿ 3 ಪೋರ್ಟ್ ಬಿಟ್ಟು ಯುಎಸ್‌ಬಿ 2 ಪೋರ್ಟ್. ಯುಎಸ್‌ಬಿ 2 ಇಲ್ಲದ ಲ್ಯಾಪ್‌ಟಾಪ್ ಆದರೆ ನಡುವೆ ಹಳೆಯ ಯುಎಸ್‌ಬಿ 2 ಹಬ್ ಒಂದನ್ನು ಹಾಕುತ್ತೇನೆ. ಆಗ ಪೆಟ್ಟಿಗೆ ಮಾತಾಡುವುದು ಹಬ್ ಜೊತೆ, ಪೋರ್ಟ್ ಜೊತೆ ನೇರವಾಗಿ ಅಲ್ಲ. ನಂಬಿ, ಇದು ಕೆಲಸ ಮಾಡುತ್ತದೆ. ಪ್ಯಾನೆಲ್‌ನಲ್ಲಿ ಪಕ್ಕದಲ್ಲೇ ಮೋಟಾರ್ ಡ್ರೈವ್ ಓಡುತ್ತಿದ್ದರೆ ಅದರ ನಾಯ್ಸ್ ಕೂಡ ಸೇರಿಕೊಳ್ಳುತ್ತದೆ. ಅಂಥ ಕಡೆ ಪೆಟ್ಟಿಗೆಯನ್ನು ರೈಲಿನಿಂದ ಬಿಚ್ಚಿ ಮೇಜಿನ ಮೇಲೆ ತಂದು, ಬೇರೆ 24 ವೋಲ್ಟ್ ಸಪ್ಲೈ ಕೊಟ್ಟು ಕೆಲಸ ಮಾಡುವುದೇ ವಾಸಿ.

ಬೂಟ್‌ಕೋಡ್ ಹೋಗಿದೆ, ಆದರೆ ಎರಡನೇ ಹಂತ ಬರುತ್ತಿಲ್ಲ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, ವರ್ಚುವಲ್ ಮಷೀನ್‌ನಲ್ಲಿ (ಲ್ಯಾಪ್‌ಟಾಪ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸುತ್ತಿದ್ದೀರಾ? ಮೊದಲ ಸಲ ಕಂಡ ಡಿವೈಸನ್ನು ಒಳಗಿನ ಮಷೀನಿಗೆ ಕೊಟ್ಟಿರುತ್ತೇವೆ. ಅದು ಕಳಚಿಕೊಂಡು ಮತ್ತೆ ಬಂದಾಗ ಹೊರಗಿನ ಮಷೀನ್ ಅದನ್ನು ಹೊಸ ಡಿವೈಸ್ ಅಂತ ತನ್ನಲ್ಲೇ ಇಟ್ಟುಕೊಳ್ಳಬಹುದು. ಒಳಗೆ ಆರ್‌ಪಿಐಬೂಟ್ ಕಾಯುತ್ತಲೇ ಇರುತ್ತದೆ. ಡಿವೈಸ್ ಒಳಗಿನ ಮಷೀನಿಗೇ ಹೋಗಲಿ ಅಂತ ಪ್ರತಿ ಹಂತಕ್ಕೂ ಫಿಲ್ಟರ್ ಬರೆಯುತ್ತಾ ಕೂರುವ ಬದಲು ಹೊರಗಿನ ಮಷೀನಿನಲ್ಲೇ ಓಡಿಸಿ.

ಡಿಸ್ಕ್ ಕಂಡ ಮೇಲೆ ಆತುರ ಬೇಡ. ವಿಂಡೋಸ್ ಕೂಡಲೇ 'ಫಾರ್ಮ್ಯಾಟ್ ಮಾಡಲೇ' ಅಂತ ಕೇಳುತ್ತದೆ. ಲಿನಕ್ಸ್ ಪಾರ್ಟಿಷನ್ ಅದಕ್ಕೆ ಓದಲು ಬರುವುದಿಲ್ಲ, ಅದಕ್ಕೇ. ಕ್ಯಾನ್ಸಲ್ ಒತ್ತಿ. ಬರೆಯುವ ಮುಂಚೆ ಡಿಸ್ಕ್ ಸೈಜ್ ನೋಡಿ ಇದೇ ಇಎಂಎಂಸಿ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ, ಹಳೆಯದರ ಪೂರ್ತಿ ಇಮೇಜ್ ಕಾಪಿ ತೆಗೆದಿಡುತ್ತೇನೆ. ಹಳೇ ನೆಟ್‌ವರ್ಕ್ ಸೆಟ್ಟಿಂಗ್ ಎಲ್ಲಿ ಅಂತ ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಬರೆದು ಮುಗಿದ ಮೇಲೆ ಡಿಸ್ಕ್ ಇಜೆಕ್ಟ್ ಮಾಡಿ, 24 ವೋಲ್ಟ್ ತೆಗೆದು, ಯುಎಸ್‌ಬಿ ಕೇಬಲನ್ನೂ ಕಿತ್ತು, ಆಮೇಲಷ್ಟೇ ಪವರ್ ಕೊಡಬೇಕು. ಕೇಬಲ್ ಹಾಗೇ ಬಿಟ್ಟರೆ ಪೆಟ್ಟಿಗೆ ಮತ್ತೆ ಯುಎಸ್‌ಬಿ ಮೋಡ್‌ಗೇ ಹೋಗಿ ಕೂರುತ್ತದೆ, ಇಮೇಜ್ ಸರಿಯಾಗಿ ಬರೆದೇ ಇಲ್ಲವೇನೋ ಅನಿಸುತ್ತದೆ. ಮೊದಲ ಬೂಟ್‌ನಲ್ಲಿ ಎಷ್ಟೋ ಇಮೇಜ್‌ಗಳು ಪಾರ್ಟಿಷನ್ ಹಿಗ್ಗಿಸಿಕೊಂಡು ತಾವೇ ರೀಸ್ಟಾರ್ಟ್ ಆಗುತ್ತವೆ. ಲಾಗಿನ್ ಬರುವ ತನಕ ಪವರ್ ಮುಟ್ಟಬೇಡಿ.