ಗವರ್ನರ್ ಅಭ್ಯರ್ಥಿಗಳ ಭರವಸೆಗಳನ್ನು ನಾನು ಅಳೆದು ನೋಡಿದ ಬಗೆ

2025ರ ನವೆಂಬರ್ 4ರಂದು ನ್ಯೂಜೆರ್ಸಿಯಲ್ಲಿ ಗವರ್ನರ್ ಚುನಾವಣೆ ನಡೆಯಿತು. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಗವರ್ನರ್ ಆಯ್ಕೆಗೆ ನಾನು ಹಾಕಿದ ಮೊದಲ ವೋಟು ಅದು. ಅಮೆರಿಕದಲ್ಲಿ ಗವರ್ನರ್ ಅಂದರೆ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ. ಜನರೇ ನೇರವಾಗಿ ಆರಿಸುತ್ತಾರೆ. ನ್ಯೂಜೆರ್ಸಿಯಲ್ಲಂತೂ ಬಜೆಟ್ಟಿನ ಬೇಡದ ಬಾಬ್ತನ್ನು ಒಂದೊಂದಾಗಿ ಕಿತ್ತುಹಾಕುವ ಅಧಿಕಾರವೂ ಅವರಿಗಿದೆ. ಹಾಗಾಗಿ ಸುಮ್ನೆ ಪಕ್ಷ ನೋಡಿ ವೋಟು ಹಾಕಲು ಮನಸ್ಸು ಬರಲಿಲ್ಲ.

ಹಿನ್ನೆಲೆ ತಿಳಿಯುವುದು ಸುಲಭ. ಡೆಮಾಕ್ರಟಿಕ್ ಪಕ್ಷದ ಮೈಕಿ ಶೆರಿಲ್ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ಆಮೇಲೆ ಫೆಡರಲ್ (ಕೇಂದ್ರ ಸರ್ಕಾರದ) ಪ್ರಾಸಿಕ್ಯೂಟರ್, 2018ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆ. ರಿಪಬ್ಲಿಕನ್ ಪಕ್ಷದ ಜ್ಯಾಕ್ ಚಿಟರೆಲಿ ಲೆಕ್ಕಪರಿಶೋಧಕರು, ಸ್ವಂತ ಉದ್ಯಮ ಕಟ್ಟಿದವರು, ರಾಜ್ಯ ಅಸೆಂಬ್ಲಿಯಲ್ಲಿದ್ದವರು. 2021ರಲ್ಲಿ ಆಗಿನ ಗವರ್ನರ್ ಫಿಲ್ ಮರ್ಫಿ ಎದುರು ಸುಮಾರು 3 ಶೇಕಡಾ ಅಂತರದಲ್ಲಿ ಸೋತಿದ್ದರು. ಇಬ್ಬರೂ ಗಟ್ಟಿ ಜನ.

ಹೊತ್ತು ಹಿಡಿದದ್ದು ಭರವಸೆಗಳು. ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಬರೆದುಕೊಂಡೆ: ಇದು ಗವರ್ನರ್ ಕೈಯಲ್ಲಿದೆಯಾ?

ಆ ವರ್ಷ ಎಲ್ಲರ ಬಾಯಲ್ಲೂ ಕರೆಂಟ್ ಬಿಲ್ಲಿನದೇ ಮಾತು. ಜೂನ್‌ನಿಂದ ಬಿಲ್ ಸುಮಾರು 20 ಶೇಕಡಾ ಏರಿತ್ತು. ತುರ್ತು ಪರಿಸ್ಥಿತಿ ಘೋಷಿಸಿ ದರ ಏರದಂತೆ ತಡೆಯುತ್ತೇನೆ ಎಂದರು ಶೆರಿಲ್. ಏರಿಕೆಯ ಬೇರು ಹುಡುಕುತ್ತಾ ಹೋದೆ. ನ್ಯೂಜೆರ್ಸಿಯ ವಿದ್ಯುತ್ ಜಾಲ ನೋಡಿಕೊಳ್ಳುವುದು ಪಿಜೆಎಂ ಎಂಬ ಸಂಸ್ಥೆ. 13 ರಾಜ್ಯಗಳು ಅದರ ವ್ಯಾಪ್ತಿಗೆ ಬರುತ್ತವೆ. ಬೇಡಿಕೆ ತೀರಾ ಜಾಸ್ತಿಯಾದಾಗಲೂ ಕರೆಂಟ್ ಕೊಡಲು ಸಿದ್ಧವಿರಿ ಎಂದು ಉತ್ಪಾದಕರಿಗೆ ಕೊಡುವ ಹಣಕ್ಕೆ ಅದು ಹರಾಜು ನಡೆಸುತ್ತದೆ. 2024ರ ಹರಾಜಿನಲ್ಲಿ ಆ ದರ ದಿನಕ್ಕೆ ಪ್ರತಿ ಮೆಗಾವ್ಯಾಟ್‌ಗೆ 28.92 ಡಾಲರಿನಿಂದ 269.92 ಡಾಲರಿಗೆ ಹಾರಿತು. ಪಿಜೆಎಂ ಮೇಲಿನ ಹಿಡಿತ ಫೆಡರಲ್ ಆಯೋಗದ್ದು, ಗವರ್ನರದ್ದಲ್ಲ. ಆದರೆ ತಂತಿ, ಕಂಬದ ಖರ್ಚಿನ ದರ ನಿಗದಿ ಮಾಡುವ ರಾಜ್ಯ ಮಂಡಳಿಗೆ ಸದಸ್ಯರನ್ನು ನೇಮಿಸುವುದು ಗವರ್ನರೇ. ಅಂದರೆ ಶೆರಿಲ್ ಮಾತಿನಲ್ಲಿ ಅರ್ಧ ಅವರ ಕೈಯಲ್ಲಿತ್ತು, ಅರ್ಧ ಇರಲಿಲ್ಲ.

ಚಿಟರೆಲಿ ಹೇಳಿದ್ದು ಬೇರೆ. ಬಿಲ್ ಇಳಿಸಲು, ಇಂಗಾಲ ಕಡಿತಕ್ಕಾಗಿ ಈಶಾನ್ಯ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ ಹೊರಬರುತ್ತೇವೆ ಎಂದರು. ಇದು ಆಗುವ ಮಾತೇ. ಮರ್ಫಿಗಿಂತ ಮೊದಲು ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ ಹಿಂದೆ ಹೊರಬಂದಿದ್ದರು, 2020ರಲ್ಲಿ ಮರ್ಫಿ ಕಾಲದಲ್ಲಿ ರಾಜ್ಯ ಮತ್ತೆ ಸೇರಿತು. ಆದರೆ ಆಸ್ತಿ ತೆರಿಗೆಗೆ ಮಿತಿ ಹಾಕುವ ಚಿಟರೆಲಿ ಮಾತಿಗೆ ಶಾಸನಸಭೆಯ ಒಪ್ಪಿಗೆ ಬೇಕು. ಅಲ್ಲಿ ಬಹುಮತ ಎದುರು ಪಕ್ಷದ್ದು. ಇಲ್ಲಿನ ಸರಾಸರಿ ಆಸ್ತಿ ತೆರಿಗೆ ವರ್ಷಕ್ಕೆ ಸುಮಾರು 10,000 ಡಾಲರ್, ಹಾಗಾಗಿ ಆ ಮಾತು ಮನೆ ಇರುವ ಯಾರಿಗಾದರೂ ಹಿತವಾಗಿ ಕೇಳಿಸುತ್ತದೆ, ಅಲ್ವಾ? ಆದರೂ ಅದನ್ನು ಜಾರಿ ಮಾಡುವ ದಾರಿ ನನಗೆ ಸ್ಪಷ್ಟವಾಗಲಿಲ್ಲ.

ಗೆದ್ದವರು ಶೆರಿಲ್. ಈಗ ಬಿಲ್ ಬಂದಾಗ ಡೆಲಿವರಿ (ತಂತಿ, ಕಂಬದ ಖರ್ಚು), ಸಪ್ಲೈ (ಕರೆಂಟಿನ ಖರ್ಚು) ಎರಡೂ ಸಾಲುಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತೇನೆ. ಡೆಲಿವರಿ ಸಾಲು ಏರಿದರೆ ಗವರ್ನರ್ ಕಚೇರಿಗೂ ನಮ್ಮ ಶಾಸಕರಿಗೂ ಪತ್ರ ಬರೆಯುವವನಿದ್ದೇನೆ.