ಹಾರುವ ಸೆರಗಿಗೆ ಎರಡು ಕ್ಯಾಮೆರಾ

ಮೈಸೂರು ಸಿಲ್ಕ್ ನೋಡಲು ಚೆಂದ, ಎರಡು ಕಣ್ಣುಗಳಂತೆ ಜೋಡಿಯಾಗಿ ನೋಡಿ ದೂರ ಅಳೆಯುವ ಸ್ಟೀರಿಯೊ ಕ್ಯಾಮೆರಾಗೆ ಮಾತ್ರ ತಲೆನೋವು. ದೇವರಾಜ ಅರಸು ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ಗೆಳೆಯನಿಗೆ, ಗಾಳಿಗೆ ಹಾರುವ ಸೆರಗನ್ನು ಪರದೆಯ ಮೇಲೆ ಎಲ್ಲ ಕಡೆಯಿಂದ ತಿರುಗಿಸಿ ತೋರಿಸಬೇಕಿತ್ತು. ನಾನು ಒಪ್ಪಿಕೊಂಡೆ.

ವಿಧಾನ ಹಳೆಯದೇ. ಬಟ್ಟೆಯ ಒಂದೇ ಬಿಂದು ಎಡ, ಬಲ ಚಿತ್ರಗಳಲ್ಲಿ ಎಷ್ಟು ಪಿಕ್ಸೆಲ್ ಸರಿದು ಕಾಣುತ್ತದೆ ಎಂಬುದರಿಂದ ದೂರ ಗೊತ್ತಾಗುತ್ತದೆ. ಕ್ಯಾಮೆರಾಗಳ ನಡುವೆ 12 ಸೆಂ.ಮೀ., ಬಟ್ಟೆ 1.2 ಮೀಟರ್ ದೂರ, ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ, ಪಿಕ್ಸೆಲ್ ಲೆಕ್ಕದಲ್ಲಿ) 1200 ಇಟ್ಟುಕೊಂಡೆ. ಆಗ ಬಿಂದು 120 ಪಿಕ್ಸೆಲ್ ಸರಿಯುತ್ತದೆ. ಅದರಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ಆಳ (ಕ್ಯಾಮೆರಾದಿಂದ ಇರುವ ದೂರ) 1 ಸೆಂ.ಮೀ. ತಪ್ಪುತ್ತದೆ. ಚೌಕಳಿ ಹಲಗೆ ಹಿಡಿದು, ಚಿತ್ರ ವಿಶ್ಲೇಷಣೆಯ ತಂತ್ರಾಂಶ ಓಪನ್‌ಸಿವಿಯಲ್ಲಿ ಕ್ಯಾಲಿಬ್ರೇಶನ್ (ಕ್ಯಾಮೆರಾಗಳ ಅಳತೆ ಸರಿಹೊಂದಿಸುವುದು) ಮಾಡುವುದು ಗೊತ್ತಿರುವುದೇ, ಬಿಡಿ.

ಹೆಚ್ಚು ಕಾಡುವುದು ಸಮಯ. ಸೆರಗು ಸೆಕೆಂಡಿಗೆ 1 ಮೀಟರ್ ಅಡ್ಡಕ್ಕೆ ಹಾರುತ್ತಿದ್ದು, ಒಂದು ಕ್ಯಾಮೆರಾ 10 ಮಿಲಿಸೆಕೆಂಡ್ ತಡವಾದರೆ 10 ಪಿಕ್ಸೆಲ್ ಏರುಪೇರು. ಆಳದಲ್ಲಿ ಸುಮಾರು 10 ಸೆಂ.ಮೀ. ಸುಳ್ಳು! ಅದಕ್ಕೇ ಎರಡಕ್ಕೂ ಒಂದೇ ತಂತಿಯಿಂದ ಟ್ರಿಗರ್ (ಚಿತ್ರ ತೆಗೆಯುವ ಸಂಕೇತ) ಕೊಟ್ಟೆ.

ಇನ್ನು ಬಟ್ಟೆಯ ಕಥೆ. ಒಡಲೆಲ್ಲ ಸಾದಾ ಬಣ್ಣ, ಹೊಂದಿಸಲು ಗುರುತೇ ಇಲ್ಲ. ಅಂಚಿನ ಜರಿಯಲ್ಲಿ ಗುರುತು ಜಾಸ್ತಿ, ಆದರೆ ಎಲ್ಲ ಒಂದೇ ಥರ. ಈ ಮಾವಿನಕಾಯಿಗೆ ಪಕ್ಕದ ಮಾವಿನಕಾಯಿ ಜೋಡಿಯಾಗಿ ಅಂಚು ಇದ್ದಕ್ಕಿದ್ದಂತೆ ಮುಂದಕ್ಕೆ ನೆಗೆಯುತ್ತದೆ. ಹೊಳಪು ಬೇರೆ, ಎಡದ್ದಕ್ಕೆ ಒಂದು ಕಡೆ, ಬಲದ್ದಕ್ಕೆ ಇನ್ನೊಂದು ಕಡೆ. ದೀಪಗಳ ಮುಂದೆ ಬಿಳಿ ಪಂಚೆ ಕಟ್ಟಿ ಅದನ್ನು ತಗ್ಗಿಸಿದೆ. ಪ್ರೊಜೆಕ್ಟರಿನಿಂದ ಚುಕ್ಕಿ ಬಿಟ್ಟರೆ ಆಕಾರವೇನೋ ಸಿಗುತ್ತದೆ. ಆದರೆ ಆ ಚುಕ್ಕಿ ಬಟ್ಟೆಯ ಜೊತೆ ಹೋಗುವುದಿಲ್ಲವಲ್ಲ, ಯಾವ ಬಿಂದು ಎಲ್ಲಿಗೆ ಹೋಯಿತು ಅಂತ ತಿಳಿಯುವುದಿಲ್ಲ. ಅಮ್ಮನ ಹಳೆಯ ಸೀರೆ ಕೇಳಿ ಪಡೆದು, ಒಡಲಿಗೆ ಫ್ಯಾಬ್ರಿಕ್ ಪೇಂಟಿನಲ್ಲಿ ಅಡ್ಡಾದಿಡ್ಡಿ ಚುಕ್ಕಿ ಇಟ್ಟೆ. (ಇದನ್ನು ಕೇಳುವಾಗ ಹೇಳಿರಲಿಲ್ಲ.)

ಅಂಚಿನ ನೆಗೆತ ನಿಂತದ್ದು ಬಲೆಯಿಂದ. ಕಂಪ್ಯೂಟರಿನಲ್ಲಿ ಸೆರಗಿನ ಮೇಲೆ ಚೌಕಗಳ ಬಲೆ ಹೊದಿಸಿ, ಗೆರೆಗಳ ಉದ್ದ ಬದಲಾಗಬಾರದು ಎಂದು ಕಟ್ಟು ಹಾಕಿದೆ. ಬಟ್ಟೆ ಬಾಗುತ್ತದೆ, ಮಡಚುತ್ತದೆ, ಹಿಗ್ಗುವುದು ಕಡಿಮೆ. ಆದರೆ ಈ ಕಟ್ಟು ಹಾಸು, ಹೊಕ್ಕಿನ (ಉದ್ದ, ಅಡ್ಡ ಎಳೆಗಳ) ದಿಕ್ಕಿಗೆ ಮಾತ್ರ. ಕರ್ಚೀಫನ್ನು ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ ಅಲ್ವಾ? ಆ ಓರೆಯಲ್ಲೂ ಬಿಗಿ ಮಾಡಿದರೆ ಸೆರಗು ಕಾಗದದ ಹಾಗೆ ಕಾಣುತ್ತದೆ.

ನೆರಿಗೆಗಳ ಸಂದು ಎರಡೂ ಕ್ಯಾಮೆರಾಗೆ ಒಟ್ಟಿಗೆ ಕಾಣುವುದಿಲ್ಲ. ಅಲ್ಲಿರುವುದು ಬಲೆಯ ಊಹೆ. ಅದಕ್ಕೆ ಬೂದು ಬಣ್ಣ ಕೊಟ್ಟಿದ್ದೆ. ಗೆಳೆಯ, "ಇದೇನೋ ಕೊಳೆ, ತೆಗಿ" ಅಂದ. ಅಂಗಡಿಯ ಪರದೆಗೆ ತೆಗೆದುಕೊಟ್ಟೆ, ನನ್ನ ಪ್ರತಿಯಲ್ಲಿ ಹಾಗೇ ಇದೆ.